ಎತ್ತಿನ ಪಾಲಿನ ಹುರುಳಿ

ಯಗಟಿಯ ಮೀನಾಕ್ಷಮ್ಮನ ಮನೆಯಲ್ಲಿ ಹುರುಳಿ ಬೇಯುತ್ತಿದ್ದುದು ಎತ್ತುಗಳಿಗಾಗಿ. ಬೆಂದ ಕಾಳು ಕೊಟ್ಟಿಗೆಗೆ ಹೋಗುತ್ತಿತ್ತು. ಬಸಿದ ಕಟ್ಟು ಸಾರಾಗಿ ಮನೆಮಂದಿಯ ಮುದ್ದೆಗೆ ಬರುತ್ತಿತ್ತು. ಅಂಗಡಿಯ ತೊಗರಿಬೇಳೆಗೆ ಕೈಹಾಕದೆ ಆಕೆ ಇಷ್ಟು ವರ್ಷ ಸಂಸಾರ ತೂಗಿಸಿದ್ದು ಹೀಗೆ.

ಈ ಸಲ ಉಳುಮೆಗೆ ಟ್ರ್ಯಾಕ್ಟರ್ ಸಾಕೆಂದು ಗಂಡ ನಂಜುಂಡಪ್ಪ ಎತ್ತುಗಳನ್ನು ಮಾರಿಬಿಟ್ಟ. ಮೀನಾಕ್ಷಮ್ಮ ಮಾತ್ರ ಎಂದಿನಂತೆ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಉಳಿದ ಕಾಳಿಗೆ ಈರುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದಳು.

ನಂಜುಂಡಪ್ಪ ತಟ್ಟೆ ಸರಿಸಿದ. "ಇದು ಎತ್ತಿನ ಪಾಲು ಕಣೇ. ಗಂಟ್ಲಲ್ಲಿ ಇಳಿಯಲ್ಲ."

"ಮಾರೋವಾಗ ಈ ಗಂಟ್ಲು ಎಲ್ಲಿ ಹೋಗಿತ್ತು? ಚೆಲ್ಲೋಕೆ ನಮ್ಮನೇಲೇನು ಸುರೀತಾ ಇದ್ಯಾ? ಸುಮ್ನೆ ಉಣ್ಣಿ!"

ಅವನು ತಲೆ ತಗ್ಗಿಸಿ ಉಂಡೆದ್ದ. ಆಮೇಲೆ ಅವಳು ತನಗೆ ಬಡಿಸಿಕೊಂಡಳು. ಪಾತ್ರೆಯಲ್ಲಿ ಪಲ್ಯ ಇನ್ನೂ ಅರ್ಧ ಉಳಿದಿತ್ತು. ಅವಳ ತಟ್ಟೆಯಲ್ಲಿ ಮುದ್ದೆಯಿತ್ತು, ಸಾರಿತ್ತು. ಒಂದು ಕಾಳೂ ಇರಲಿಲ್ಲ.