ಬಾಗಿಲಾಚೆ ಕೇಳದ ಗಂಟೆ

ಹುಟ್ಟಿದಾಗಿನಿಂದ ಬಾಯಿಗೆ ಬಿಡುವಿಲ್ಲದವಳು, ಅದಕ್ಕೇ ಮನೆಯವರೆಲ್ಲ ಕರೆದದ್ದು ಮಾತಿನಮಲ್ಲಿ ಅಂತ. ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಬೇಡದ ಬ್ಯಾಟರಿಯನ್ನೂ ದಾಟಿಸಿಬಿಡುತ್ತಿದ್ದಳು. ಮುಂದೆ ಅದೇ ಬಾಯಿ ಅನ್ನ ಕೊಟ್ಟಿತು. ಕಂಪ್ಯೂಟರ್ ಕಂಪನಿಯಲ್ಲಿ ಪ್ರಿಂಟರ್ ಮಾರುವ ಕೆಲಸಕ್ಕೆ ಸೇರಿದವಳು ಹತ್ತುತ್ತಾ ಹತ್ತುತ್ತಾ ಮಾರ್ಕೆಟಿಂಗಿಗೆಲ್ಲ ಮುಖ್ಯಸ್ಥೆಯಾದಳು. ಅವಳು ಊರೂರು ತಿರುಗುವಾಗ ಮಕ್ಕಳನ್ನು ಮಡಿಲಿಗೆ ಹಾಕಿಕೊಂಡವರು ಅತ್ತೆ. "ಹೋಗಿ ಬಾರಮ್ಮ, ಇವೇನು ನನ್ನ ತಿಂದುಬಿಡ್ತಾವಾ" ಅನ್ನುತ್ತಿದ್ದರು. ಆ ಮಾತಿನ ಋಣ ಅವಳು ಇವತ್ತಿಗೂ ಮರೆತಿಲ್ಲ.

ತಲೆ ನರೆತ ಮೇಲೆ ಇನ್ನೊಂದು ಕಂಪನಿಯವರು ಕರೆದು ಆಡಳಿತ ಮಂಡಳಿಯಲ್ಲಿ ನಿರ್ದೇಶಕಿ ಮಾಡಿದರು. ವಯಸ್ಸಾದವರು ಬಿದ್ದರೆ ಮನೆಯವರನ್ನು ಕರೆಯುವ ಗಂಟೆ ಅವರ ಸರಕು. ಕೈಪಟ್ಟಿಯ ಗುಂಡಿ ಒತ್ತಿದರೆ ನಡುಮನೆಯಲ್ಲಿಟ್ಟ ಡಬ್ಬಿ ಕೂಗಬೇಕು. ಮೊದಲ ಸಭೆಯಲ್ಲಿ ಮ್ಯಾನೇಜರ್ ಅದನ್ನು ವಿವರಿಸಲು ತಡವರಿಸಿದ. ಇವಳ ನಾಲಿಗೆ ಸುಮ್ಮನಿರಬೇಕಲ್ಲ, ಎದ್ದು ನಿಂತು ಹೊಗಳಿದ್ದೇ ಹೊಗಳಿದ್ದು. ಎಲ್ಲರೂ ತಲೆದೂಗಿ, ಮುಂದಿನ ತಿಂಗಳೇ ಮಾರಾಟಕ್ಕೆ ಬಿಡೋಣ ಅಂದರು. ಸರಿಯಾಗಿ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಬೇಕಾದ ಕುರ್ಚಿಯಲ್ಲಿ ಕೂತು, ಅವಳು ಸರಕು ಮಾರಿ ಬಂದಿದ್ದಳು.

ಖುಷಿಯಲ್ಲೇ ಒಂದು ಜೊತೆ ತಂದು, ಡಬ್ಬಿಯನ್ನು ನಡುಮನೆಯಲ್ಲಿಟ್ಟು ಪಟ್ಟಿಯನ್ನು ಅತ್ತೆಯ ಕೈಗೆ ಕಟ್ಟಿದಳು. ಮರುದಿನ ಸ್ನಾನಕ್ಕೆ ಹೋದ ಅತ್ತೆ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ತಟ್ಟಿದಳು.

"ಯಾಕತ್ತೆ, ಇಷ್ಟು ಹೊತ್ತು?"

"ನಿನ್ನ ಗಂಟೆ ಒತ್ತಿ ಒತ್ತಿ ಹೆಬ್ಬೆರಳು ನೋಯ್ತು. ಬರ್ತೀಯೇನೋ ಅಂತ ಕೂತಿದ್ದೆ."

ನಡುಮನೆಯ ಡಬ್ಬಿ ಪಿಟ್ ಅಂದಿರಲಿಲ್ಲ. ಬಚ್ಚಲ ಬಾಗಿಲು ಹಾಕಿದರೆ ಅದಕ್ಕೆ ಕಿವುಡು. ಅತ್ತೆ ನಗುತ್ತಿದ್ದರು, ಇವಳಿಗೆ ನಗು ಬರಲಿಲ್ಲ. ಜಾರಿ ಬೀಳುವ ಜಾಗವೇ ಅದು. ಗಂಟೆಯನ್ನು ನಂಬಿ ಮನೆಯವರು ಹೊರಗೆ ನೆಮ್ಮದಿಯಾಗಿ ಕೂತಿದ್ದರೆ?

ಮುಂದಿನ ಸಭೆಯಲ್ಲಿ ಇದನ್ನು ಹೇಳಿದಾಗ ಅಧ್ಯಕ್ಷರು ಮುಖ ಸಿಂಡರಿಸಿದರು. "ಏನ್ರಿ ಮೇಡಂ, ಹೋದ ಸಲ ತಲೆ ಮೇಲೆ ಹೊತ್ತು ಕುಣಿದೋರು ನೀವೇ. ಈಗ ನೀವೇ ಬೇಡ ಅಂತೀರಾ?"

"ಹೌದು ಸಾರ್. ಹೋದ ಸಲ ಮಾರಿದೆ, ಕೇಳೋದು ಮರೆತೆ. ಇದನ್ನ ಕಟ್ಕೊಂಡು ಬಾತ್‌ರೂಮಿಗೆ ಹೋಗಿ, ಚಿಲಕ ಹಾಕಿ ಒಂದ್ಸಲ ಒತ್ತಿ ನೋಡಿ."

ತನ್ನ ಕುರ್ಚಿ ಇವತ್ತಿಗೆ ಹೋಯಿತು ಅಂದುಕೊಂಡಳು. ಆದರೆ ವಯಸ್ಸಾದ ಅಧ್ಯಕ್ಷರು ಮೊಣಕಾಲು ಹಿಡಿದು ಎದ್ದು, ಪಟ್ಟಿ ಕಟ್ಟಿಕೊಂಡು ಬಾತ್‌ರೂಮಿಗೆ ಹೋಗೇಬಿಟ್ಟರು. ಎಲ್ಲರ ಕಣ್ಣೂ ಮೇಜಿನ ಮೇಲಿನ ಡಬ್ಬಿಯ ಮೇಲೆ. ಅದು ಜಪ್ಪಯ್ಯ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಂದವರು ಸಣ್ಣ ದನಿಯಲ್ಲಿ, "ಯಾರೂ ಬರ್ಲೇ ಇಲ್ವಲ್ರಿ" ಅಂದರು.

ಮಾರಾಟದ ಮಾತು ಅಲ್ಲಿಗೆ ನಿಂತಿತು. ಗಂಟೆ ಸರಿಯಾಗೋಕೆ ವರ್ಷವೇ ಹಿಡಿಯಿತು. ಅವತ್ತು ಅಧ್ಯಕ್ಷರು ಕೂತಲ್ಲೇ ಕೂತಿದ್ದರೆ ಯಾರೇನು ಮಾಡುವ ಹಾಗಿತ್ತು ಅಂತ ಅವಳು ಅವರನ್ನು ಎಷ್ಟು ಸಲ ನೆನೆದಿದ್ದಾಳೋ.

ಈಗ ಬಾಗಿಲು ಹಾಕಿದ್ದರೂ ಡಬ್ಬಿ ಕೂಗುತ್ತದೆ. ಇವಳು ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಾಳೆ.

"ಏನಾಯ್ತತ್ತೆ?"

"ಏನಿಲ್ಲಮ್ಮ, ಟವೆಲ್ ಮರೆತೆ."

ಬೈಯೋಣವೆಂದು ಬಾಯಿ ತೆರೆದ ಮಾತಿನಮಲ್ಲಿ ನಕ್ಕುಬಿಡುತ್ತಾಳೆ. ಟವೆಲ್ ಕೊಟ್ಟು, ಅತ್ತೆ ಹೊರಗೆ ಬರುವವರೆಗೂ ಬಾಗಿಲಾಚೆ ನಿಂತಿರುತ್ತಾಳೆ.