ಹಳದಿ ಗೆರೆ ಅಲುಗದ ಕಾರು

ನಿಂತ ಗಾಡಿಯೂ ಸವೆಯುತ್ತದೆ. ಚಕ್ರ ಒಂದು ಗೇಣು ಉರುಳದಿದ್ದರೂ ರಬ್ಬರು ಒಣಗುತ್ತದೆ, ಬಿರಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಂಡು ಒಳಗಿಂದೊಳಗೇ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಇದೇನು ಗುಟ್ಟಲ್ಲ, ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರಬೇಕಾದ ಮಾತು. ಗೊತ್ತಿದ್ದವರು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಏನಾಗುತ್ತದೆ ಎಂಬುದು ಇಲ್ಲಿಯ ಕತೆ.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಹಾಸಿಗೆ ಬಟ್ಟೆಯ ಎರಡು ತುದಿಯನ್ನು ಎದುರಿನವಳು ಹಿಡಿದರೆ ಇವಳು ಈ ಕಡೆಯ ತುದಿಗಳನ್ನು ಹಿಡಿದು, ಜಗ್ಗಿ, ಮಡಿಸಿ, ಪೇರಿಸಬೇಕು. ಎಲ್ಲರ ಬಾಯಲ್ಲೂ ಅವಳು ಲಾಂಡ್ರಿ ಅಕ್ಕ. ಗಂಡ ಮಲಗಿದಲ್ಲೇ ತೀರಿಕೊಂಡು ಆರು ವರ್ಷವಾಯಿತು. ಅವಳು ಅತ್ತದ್ದನ್ನು ಕಂಡವರಿಲ್ಲ. ಮುಂದಿನ ವಾರವೇ ಬಂದು ಬಟ್ಟೆಯ ತುದಿ ಹಿಡಿದು ನಿಂತಳು. ಎದುರಿನವಳು, “ಹೇಗಿದೀಯಕ್ಕಾ?” ಅಂದರೆ, “ಇದೀನಿ” ಅಂದಳು. ಇವತ್ತಿಗೂ ಅದೇ ಉತ್ತರ.

ಗಂಡ ಲಿಫ್ಟ್ ರಿಪೇರಿಯವನು. ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ತಗಡಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಬೋಲ್ಟ್ ಒಂದಿಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಅವನು ಆಸೆಪಟ್ಟು ತಂದ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೂ ಹಾಗೇ ಮಾಡಿದ್ದ. ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಬಾನೆಟ್ಟಿನಿಂದ ಮೇಲೇಳುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂತಿದ್ದ ಕಾರು ಅದು. ಅದರ ಕೆಳಗೆ ಅಂಗಾತ ಮಲಗಿ, ಒಂದೊಂದು ಬೋಲ್ಟಿಗೂ ಹಳದಿ ಗೆರೆ ಎಳೆದಿದ್ದ. “ಗೆರೆ ನೆಟ್ಟಗಿದ್ರೆ ಗಾಡಿ ನೆಟ್ಟಗಿದೆ ಅಂತ ತಿಳ್ಕೋ” ಎಂದು ಹೆಂಡತಿಗೆ ತಮಾಷೆ ಮಾಡುತ್ತಿದ್ದ.

ಅವಳು ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಭಾನುವಾರ ಬಂತೆಂದರೆ ಶೆಡ್ಡಿನ ಬಾಗಿಲು ತೆಗೆದು, ಹೊದಿಕೆ ಸರಿಸಿ, ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ಹಾಗೇ ಬಿಡುವಳು. ಆಮೇಲೆ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಒಂದೊಂದೇ ಗೆರೆ ನೋಡುವಳು. ರಬ್ಬರು ಪೈಪುಗಳನ್ನೂ ಒದ್ದೆ ಬಟ್ಟೆಯಲ್ಲಿ ಫಳಫಳ ಒರೆಸುವಳು. ದುಃಖವೂ ಇಲ್ಲ, ಸುಖವೂ ಇಲ್ಲ. ಹಾಸಿಗೆ ಬಟ್ಟೆ ಮಡಿಸಿದ ಹಾಗೆಯೇ ಇದೂ.

ನೆಂಟರೆಲ್ಲ ಬಂದು ಹೊಗಳಿದರು. “ಅಬ್ಬಾ, ಮಗು ಥರ ನೋಡ್ಕೊಂಡಿದೀಯಲ್ಲಮ್ಮ!” ಎಂದು ನಾದಿನಿ ಕಣ್ಣೊರೆಸಿಕೊಂಡಳು. ಮೈದುನ ಬಾನೆಟ್ಟಿಗೆ ಒರಗಿ ಫೋಟೋ ಹೊಡೆಸಿಕೊಂಡ. ಈ ಗಾಡಿ ನಿಲ್ಲು ಅಂದರೆ ನಿಲ್ಲುತ್ತದೆಯೇ ಎಂದು ಕೇಳುವ ಪುಣ್ಯಾತ್ಮ ಮಾತ್ರ ಒಬ್ಬನೂ ಬರಲಿಲ್ಲ.

ಕೇಳಬೇಕಾದವನು ಬೀದಿ ಕೊನೆಯ ಗ್ಯಾರೇಜಿನವನು. ಯಾವ ಗಾಡಿ ಬಂದರೂ ಹಿಂದೆ ನಿಂತು ಹೊಗೆ ನೋಡಿಯೇ ಕಾಯಿಲೆ ಹೇಳುತ್ತಾನೆಂದು ಅವನಿಗೆ ಹೊಗೆಯಣ್ಣ ಎಂದೇ ಹೆಸರು. ಗಂಡ ಹೋದ ಮರುವರ್ಷ ಅವನು ಒಮ್ಮೆ ಬಾಯಿ ಬಿಟ್ಟಿದ್ದುಂಟು.

“ಅಕ್ಕಾ, ಬ್ರೇಕ್ ಎಣ್ಣೆ ಬದಲಾಯಿಸಿಬಿಡೋಣ. ಪೈಪೂ ಬಿಚ್ಚಿ ನೋಡ್ಬೇಕು.”

“ಬಿಚ್ಚಿದ್ರೆ ಗೆರೆ ಹೋಗುತ್ತೆ.”

“ಮತ್ತೆ ಎಳೆದ್ರಾಯ್ತು ಬಿಡಿ.”

“ಯಾರು ಎಳೀತಾರೆ?”

ಹೊಗೆಯಣ್ಣ ನಾಲಿಗೆ ಕಚ್ಚಿಕೊಂಡ. ಅಲ್ಲಿಂದ ಮುಂದೆ ಕರೆದಾಗಲೆಲ್ಲ ಬಂದು ಟೈರಿಗೆ ಗಾಳಿ ತುಂಬಿ, ಹೊಗೆ ನೋಡಿ, “ಚೆನ್ನಾಗೇ ಇದೆ ಬಿಡಿ ಅಕ್ಕಾ” ಅಂದು ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಅವನ ಒಳ್ಳೆಯತನವೇ ನನಗೆ ಮೈ ಉರಿಸುತ್ತದೆ. ಕರುಣೆಗೆ ಗಾಡಿ ನಿಲ್ಲಿಸುವ ಶಕ್ತಿ ಇಲ್ಲ.

ಅಪ್ಪ ಹೋದಾಗ ಶಾಲೆಗೆ ಹೋಗುತ್ತಿದ್ದ ಮಗಳು ಬೆಳೆದು ಲೈಸೆನ್ಸ್ ತೆಗೆದುಕೊಂಡಳು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಒರಗಿ ಕೈ ಚಾಚಿದಳು.

“ಅಮ್ಮಾ, ಕೀ ಕೊಡು. ಅಪ್ಪ ಇದನ್ನೇನು ಮ್ಯೂಸಿಯಮ್ಮಿಗೆ ಅಂತ ತಂದಿದ್ರಾ?”

“ಸ್ಟಾರ್ಟ್ ಆಗುತ್ತಲ್ಲ. ಸಾಲ್ದಾ?”

“ನೀನೂ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗ್ತೀಯ. ಎಲ್ಲಿಗಾದ್ರೂ ಹೋಗಿದೀಯಾ?”

ತಾಯಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊಗೆಯಣ್ಣನಿಗೆ ಫೋನು ಮಾಡಿ, “ಮಗಳು ಓಡಿಸ್ತಾಳಂತೆ, ಗಾಡಿ ಹೋಗುತ್ತಾ?” ಎಂದು ಕೇಳಿದಳು. ಅವನು ಬಂದ, ಗಾಳಿ ತುಂಬಿದ, ಹೊಗೆ ನೋಡಿದ. ಬ್ರೇಕ್ ಎಣ್ಣೆಯ ಡಬ್ಬಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ. ಹೊಸದಾಗಿದ್ದಾಗ ಜೇನಿನಷ್ಟು ತಿಳಿಯಾಗಿದ್ದ ಎಣ್ಣೆ ಈಗ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. ಅವನ ಕಣ್ಣು ಆ ಅಕ್ಕನ ಮುಖಕ್ಕೆ ಹೋಯಿತು, ವಾಪಸು ಬಂತು. “ಹೋಗುತ್ತೆ ಅಕ್ಕಾ. ನಿಧಾನ ಓಡಿಸೋಕೆ ಹೇಳಿ” ಅಂದ.

ಅವಳೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾರಿನ ಕೆಳಗೆ ನೋಡಿದಳು. ಒಂದು ಗೆರೆಯೂ ಅಲುಗಿರಲಿಲ್ಲ. ಎದ್ದು ಬಂದು ಕೀ ಕೊಟ್ಟಳು. ಬೋಲ್ಟ್ ತಿರುಗಿಲ್ಲ ಎಂದಷ್ಟೇ ಹೇಳುವ ಗೆರೆಯನ್ನು ಅವಳು ಇಡೀ ಗಾಡಿಯ ಆರೋಗ್ಯವೆಂದು ನಂಬಿದ್ದಳು.

ತಾಯಿ ಪಕ್ಕದ ಸೀಟಿನಲ್ಲಿ ಕೂತಳು. ಮಗಳು ಗೇಟು ದಾಟಿಸಿದಳು. ಮೊದಲ ಸಲ ಬ್ರೇಕ್ ಒತ್ತಿದಾಗ ಗಾಡಿ ನಿಂತಿತು. “ನೋಡಿದ್ಯಾ ಅಮ್ಮಾ, ಹೇಗೆ ಹಿಡೀತು!” ಅಂದಳು. ಮುಂದೆ ಇಳಿಜಾರು. ಅದರ ಬುಡದಲ್ಲಿ ಬಸ್ಸು ಓಡಾಡುವ ದೊಡ್ಡ ರಸ್ತೆ. ಅರ್ಧ ಇಳಿದಾಗ ಮಗಳು ಬ್ರೇಕ್ ಗಟ್ಟಿಯಾಗಿ ಒತ್ತಿದಳು. ಏನೋ ಪಟ್ಟೆಂದಿತು. ಪೆಡಲು ನೆಲಕ್ಕೆ ಹೋಗಿ ಕೂತಿತು. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ. ಕೆಸರಿಗೆ ಕಾಲಿಟ್ಟ ಹಾಗೆ.

“ಅಮ್ಮಾ, ಇಲ್ಲ. ಅಮ್ಮಾ, ಇಲ್ಲಮ್ಮಾ!”

ಬ್ರೇಕ್ ಎಣ್ಣೆ ಹೋದರೂ ಹ್ಯಾಂಡ್‌ಬ್ರೇಕ್ ತಂತಿಯ ಬಲದಲ್ಲಿ ಹಿಡಿಯುತ್ತದೆ. ಅದು ಇಬ್ಬರ ಸೀಟಿನ ನಡುವೆ ಇತ್ತು. ತಾಯಿ ಎರಡೂ ಕೈಯಲ್ಲಿ ಅದನ್ನು ಹಿಡಿದು, ಹಾಸಿಗೆ ಬಟ್ಟೆ ಜಗ್ಗಿದಂತೆ ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದಳು. ಕಾರು ಕಿರುಚಿ, ಅಡ್ಡಕ್ಕೆ ತಿರುಗಿ, ಒಂದು ಮನೆಯ ಗೋಡೆಗೆ ಮೂಗು ಒರೆಸಿಕೊಂಡು ನಿಂತಿತು. ಬಸ್ಸು ಎದುರಿಗೇ ಹಾದುಹೋಯಿತು. ಕಿಟಕಿಯ ಪಕ್ಕ ಕೂತಿದ್ದ ಯಾರೋ ಆಕಳಿಸುತ್ತಿದ್ದರು.

ಮಗಳು ಸ್ಟೀರಿಂಗ್ ಬಿಟ್ಟು ತಾಯಿಯ ಕಡೆ ತಿರುಗಿದಳು. “ನಿಂಗೆ ಭಯಾನೇ ಆಗ್ಲಿಲ್ವಾ?”

“ಗೊತ್ತಾಗ್ಲಿಲ್ಲ” ಅಂದಳು ತಾಯಿ. ನಿಜವನ್ನೇ ಹೇಳಿದ್ದಳು.

ಸದ್ದು ಕೇಳಿ ಓಡಿ ಬಂದ ಹೊಗೆಯಣ್ಣ ಅಲ್ಲೇ ನೆಲಕ್ಕೆ ಕುಕ್ಕರಿಸಿದ. “ನಂಗೆ ಅನುಮಾನ ಇತ್ತಕ್ಕಾ. ಹೇಳಿದ್ರೆ ನೀವು ನೊಂದ್ಕೋತೀರ ಅಂತ...”

“ನಾನು ನೊಂದ್ಕೊಂಡಿದ್ರೆ ಏನಾಗ್ತಿತ್ತು?”

ಅವನು ಎದ್ದು, ಗಾಡಿ ಎಳೆಯೋ ಹಗ್ಗ ತರಲು ಹೋದ. ಅವಳ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇದೆಯೇ?

ಗಾಡಿಯನ್ನು ಕಟ್ಟಿ ಎಳೆದು ಗ್ಯಾರೇಜಿಗೆ ತಂದರು. ಅವಳು ಸ್ಪ್ಯಾನರ್ ಕೇಳಿದಳು. “ಬಿಡಿ ಅಕ್ಕಾ, ನಾನೇ ಬಿಚ್ತೀನಿ” ಅಂದ. “ಕೊಡು” ಅಂದಳು. ತಿರುಗಿಸಿದಳು. ಹಳದಿ ಗೆರೆ ಎರಡಾಯಿತು. ಏನಾದರೂ ಆಗುತ್ತದೆ ಎಂದು ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ಏನೂ ಆಗಲಿಲ್ಲ. “ಮುಂದಿನದು ಯಾವುದು?” ಎಂದು ತಾಯಿ ಕೇಳಿದಳು, ಅಷ್ಟೇ.

ಒಡೆದ ಪೈಪನ್ನು ಉದ್ದಕ್ಕೆ ಸೀಳಿ ನೋಡಿದರು. ಹೊರಗೆ ಅವಳು ಒರೆಸಿ ಒರೆಸಿ ಕನ್ನಡಿಯಾಗಿತ್ತು. ಒಳಗೆ ಉಬ್ಬಿ, ಪದರು ಪದರಾಗಿ ಕಿತ್ತುಬಂದಿತ್ತು. ಉಳಿದ ಮೂರು ಚಕ್ರದ ಪೈಪುಗಳ ಒಳಗೂ ಅದೇ ಗತಿ.

ಹೊಸ ಪೈಪು ಹಾಕಿ, ಹೊಸ ಎಣ್ಣೆ ತುಂಬಿ, ಪೈಪಿನೊಳಗೆ ಸಿಕ್ಕಿದ ಗಾಳಿ ತೆಗೆದು ಮುಗಿಸುವಾಗ ಹೊಗೆಯಣ್ಣ ತಲೆ ಕೆರೆದುಕೊಂಡ. “ಹಳದಿ ಬಣ್ಣ ಇಲ್ಲ ಅಕ್ಕಾ. ತರಿಸ್ಲಾ?”

“ಯಾವುದಿದೆ?”

“ಬಿಳಿ.”

“ಅದನ್ನೇ ಹಚ್ಚು. ಮುಂದಿನ ಸಲ ಬಿಚ್ಚೋದು ಯಾವಾಗ ಅಂತ ನೀನೇ ಫೋನ್ ಮಾಡಿ ಹೇಳ್ಬೇಕು. ನಾನು ಬೇಡ ಅಂದ್ರೂ ಬರ್ಬೇಕು.”

ಮಾರನೆಯ ದಿನ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಎದುರಿನವಳು ಬಟ್ಟೆಯ ತುದಿ ಕೊಟ್ಟಳು. ಇವಳ ಬೆರಳು ಹಿಡಿಯಲೇ ಇಲ್ಲ, ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಎರಡು ಸಲ ಹಾಗಾಯಿತು, ಆರು ವರ್ಷದಲ್ಲಿ ಎಂದೂ ಆಗದ್ದು. ಕೈ ಒದರಿ, ಬಗ್ಗಿ ಎತ್ತಿಕೊಂಡಳು.

ನಿಮಗೆ ಗೊತ್ತಿರುವ ಒಂದು ಮನೆಯಲ್ಲಿ, ತೀರಿಹೋದವರ ಗಾಡಿಯೊಂದು ಹೊದಿಕೆ ಹೊದ್ದು ನಿಂತಿದೆ. ಅದರ ಪಕ್ಕ ನಿಂತು ನೀವೂ ಆಹಾ ಎಂದಿದ್ದೀರಿ. ಇವತ್ತೇ ಆ ಮನೆಗೆ ಹೋಗಿ. ಬ್ರೇಕ್ ಎಣ್ಣೆ ಯಾವಾಗ ಬದಲಾಯಿಸಿದ್ದು, ರಬ್ಬರು ಯಾವ ಕಾಲದ್ದು ಎಂದು ಕೇಳಿ. ಅವರು ನೊಂದುಕೊಂಡರೆ ನೊಂದುಕೊಳ್ಳಲಿ. ಕೇಳಿ.