ತುಪ್ಪದನ್ನದ ಇಲಿಗಳು ಮತ್ತು ನಮ್ಮ ಏಳು ಸೀಟಿನ ಗಾಡಿ

ನಮ್ಮ ಮನೆಯ ಏಳು ಸೀಟಿನ ಗಾಡಿಯನ್ನು ಓಡಿಸುವವಳು ನಾನು. ನನ್ನ ಯಜಮಾನರಿಗೆ ಕಲಿಯುವ ಆಸೆಯೇ ಇಲ್ಲ. ಅವರು ಕೆಲಸ ಮಾಡುವ ಬ್ಯಾಂಕು ಸವಣೂರಿನಲ್ಲೇ ಇದೆ, ಮನೆಯಿಂದ ನಡೆದುಕೊಂಡು ಹೋಗುತ್ತಾರೆ. ನಾನು ಪಾಠ ಮಾಡುವ ಹೈಸ್ಕೂಲು ಶಿಗ್ಗಾಂವಿಯ ಆಚೆ ಒಂದು ಹಳ್ಳಿಯಲ್ಲಿ. ಹನ್ನೊಂದು ವರ್ಷ ಸವಣೂರಿನಲ್ಲಿ ಬಸ್ಸು ಹತ್ತಿ, ಶಿಗ್ಗಾಂವಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿದ್ದೇನೆ. ಆ ಪಾಡು ಸಾಕಾಗಿ ಗಾಡಿ ತೆಗೆದುಕೊಂಡೆವು. ಏಳು ಸೀಟಿನದೇ ಬೇಕಾಗಿದ್ದು ಯಾಕೆಂದರೆ ಮನೆಯಲ್ಲಿ ಮಾವನವರು, ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು. ನಾದಿನಿ ಊರಿಗೆ ಬಂದರೆ ಅವಳೂ ಅವಳ ಗಂಡನೂ.

ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಮೂರನೆಯ ವರ್ಷ ಒಂದು ಸೋಮವಾರ ಬೆಳಿಗ್ಗೆ ಕೀಲಿ ತಿರುವಿದೆ. ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು, ಆರಲೇ ಇಲ್ಲ. ಹೊತ್ತಾಗುತ್ತಿತ್ತು, ಹಾಗೆಯೇ ಹೊರಟೆ. ಶಿಗ್ಗಾಂವಿ ಇನ್ನೂ ದೂರ ಇರುವಾಗಲೇ ಗಾಡಿ ಜಗ್ಗಿ ಜಗ್ಗಿ ಓಡತೊಡಗಿತು. ಹೇಗೋ ನಮ್ಮ ಮಿಸ್ತ್ರಿಯ ಗ್ಯಾರೇಜಿನವರೆಗೆ ತಂದು ನಿಲ್ಲಿಸಿದೆ. ಅವನು ಬಾನೆಟ್ ಎತ್ತಿ, ಒಂದು ನಿಮಿಷ ನೋಡಿ, ಕೈ ಹಾಕಿ ಒಂದು ಹಿಡಿ ಕಸ ತೆಗೆದ. ಹರಿದ ಪೇಪರು, ಅರಿವೆಯ ಚೂರು, ಶೇಂಗಾ ಸಿಪ್ಪೆ.

"ಅಕ್ಕಾರ, ಇಲ್ಲಿ ನೋಡ್ರಿ. ಇಲಿ ಮನಿ ಮಾಡ್ಯಾವ. ಮೂರು ವೈರ್ ಕಡದಾವ."

ನಮ್ಮ ಕಡೆ ಹೆಣ್ಣು ಮಾಸ್ತರಿಗೆ ಅಕ್ಕಾರು ಅನ್ನುವುದು ರೂಢಿ. ಮಿಸ್ತ್ರಿ ಎಷ್ಟು ಕೆಟ್ಟ ಸುದ್ದಿ ಹೇಳುವಾಗಲೂ ಮೊದಲು ಆ ಮಾತು ಸೇರಿಸುತ್ತಾನೆ.

ವೈರು ಜೋಡಿಸಿಕೊಟ್ಟ. ಒಂಬತ್ತನೆಯ ದಿನ ಮತ್ತೆ ಅದೇ ಹಳದಿ ದೀಪ, ಈ ಸಲ ಬೇರೆ ವೈರು. ಮೂರನೆಯ ಸಲ ಹೋದಾಗ ಮಿಸ್ತ್ರಿಗೂ ಸಾಕಾಗಿತ್ತು. ತನ್ನ ಫೋನು ತೆಗೆದು ಏನೋ ಒತ್ತಿದ.

"ನಿಮ್ಮಂಥಾದ ಗಾಡಿ ಇದ್ದವರದೊಂದು ಗ್ರೂಪ್ ಐತ್ರಿ. ಸೇರಸೇನಿ. ಅವ್ರನ್ನ ಕೇಳ್ರಿ. ಹಗಲೆಲ್ಲಾ ನನಗ ಫೋನ್ ಹಚ್ಚಬ್ಯಾಡ್ರಿ."

ಗ್ರೂಪಿನಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಮಾತಾಡುವವರು ಮಾತ್ರ ಮೂವರೇ. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ಇಟ್ಟ ಸಾವ್ಕಾರರು, ಬಂಕಾಪುರದ ಅರಿವೆ ಅಂಗಡಿಯವರು, ಹಿರೇಕೆರೂರಿನ ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು. ನಾನು ಇಲಿಯ ವಿಷಯ ಬರೆದು ಕಳಿಸಿದ ಕೂಡಲೇ ಮಾಸ್ತರರ ಉತ್ತರ ಬಂತು: "ಮೇಡಂ, ಗಾಡಿ ಯಾವ ವರ್ಷದ್ದು ಅಂತ ನಿಮ್ಮ ಯಜಮಾನ್ರನ್ನ ಕೇಳಿ ತಿಳಸ್ರಿ."

ಗಾಡಿ ನಾನೇ ಓಡಿಸುತ್ತೇನೆ, ವರ್ಷ ನನಗೇ ಗೊತ್ತಿದೆ ಎಂದು ಬರೆದೆ. "ಬಾಳ ಚಲೋ," ಎಂದು ಬರೆದು, ಮಾರನೆಯ ದಿನ ಮತ್ತೆ, "ನಿಮ್ಮ ಯಜಮಾನ್ರು ಗಾಡಿ ಎಲ್ಲಿ ನಿಲ್ಲಸ್ತಾರ?" ಎಂದು ಕೇಳಿದರು.

ಅಲ್ಲಿಂದ ಮುಂದೆ ಎರಡು ತಿಂಗಳು ಆ ಮೂವರು ಹೇಳಿದ್ದನ್ನೆಲ್ಲ ಮಾಡಿದೆ. ಮಾಡಬಾರದಿತ್ತು. ಸಾವ್ಕಾರರು, "ತಂಬಾಕಿನ ಎಲಿ ತುರಕ್ರಿ, ಇಲಿ ಆ ಕಡೆ ಹಾಯೂದಿಲ್ಲ," ಎಂದರು. ತಂಬಾಕು ತಂದು ಎಂಜಿನ್ನಿನ ಮೂಲೆ ಮೂಲೆಗೆ ಸಿಕ್ಕಿಸಿದೆ. ಏಸಿ ಹಚ್ಚಿದರೆ ಗಾಡಿಯ ತುಂಬ ಅದೇ ಘಾಟು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಉತ್ತರ ಬರೆದ ನೋಟುಪುಸ್ತಕ ತೋರಿಸಲು ಹತ್ತಿರ ಬಂದವಳು ಮೂಗು ಮುಚ್ಚಿಕೊಂಡು, "ಅಕ್ಕಾರ, ನೀವು ತಂಬಾಕ ಹಾಕ್ಕೋತೀರೇನ್ರಿ? ನಮ್ಮ ಅಮ್ಮ ಹಾಕ್ಕೋತಾಳ್ರಿ," ಎಂದಳು. ಇಡೀ ತರಗತಿ ನಕ್ಕಿತು. ಅವತ್ತು ಸಂಜೆಯೇ ತಂಬಾಕು ಕಿತ್ತು ಒಗೆದೆ.

ಅರಿವೆ ಅಂಗಡಿಯವರು ನುಸಿ ಗುಳಿಗೆಯ ಕಡೆಯವರು. "ನಮ್ಮ ಅಂಗಡ್ಯಾಗ ಇಪ್ಪತ್ತು ವರ್ಷದಾಗ ಒಂದ ಒಂದು ಸೀರಿ ಕಡದಿಲ್ಲ. ತೆಳ್ಳನ ಅರಿವ್ಯಾಗ ಗಂಟು ಕಟ್ಟಿ ಇಡ್ರಿ." ಇಟ್ಟೆ. ಇಲಿಗಳು ಗಂಟು ಕಡಿದು, ಗುಳಿಗೆಗಳನ್ನು ಅಂಗಳಕ್ಕೆ ಉರುಳಿಸಿ, ಅರಿವೆಯನ್ನು ತಮ್ಮ ಗೂಡಿಗೆ ಹಾಸಿಕೊಂಡಿದ್ದವು.

ಎಲ್ಲರಿಗಿಂತ ಹೆಚ್ಚು ತಾಪ ಕೊಟ್ಟವರು ಡ್ರಿಲ್ ಮಾಸ್ತರರು. ಗಾಡಿಗೆ ಏನಾದರೊಂದು ಹೊಸದು ಹಚ್ಚದಿದ್ದರೆ ಅವರಿಗೆ ವಾರ ಕಳೆಯುವುದಿಲ್ಲ. ದೊಡ್ಡ ಪರದೆ, ಹಿಂದಿನ ಕ್ಯಾಮೆರಾ, ಮಂಜಿನ ದೀಪ, ಹೊಸ ಹಾರ್ನು. ಒಂದೊಂದಕ್ಕೂ ನಾಲ್ಕು ಫೋಟೊ. ಇಲಿ ಓಡಿಸುವ ಯಂತ್ರವೂ ಅವರ ಹತ್ತಿರ ಇತ್ತು. ಮನುಷ್ಯರ ಕಿವಿಗೆ ಕೇಳದ ಸಪ್ಪಳ ಮಾಡುತ್ತದಂತೆ. ನಾನೂ ಒಂದು ಹಾಕಿಸಿದೆ. ಹತ್ತು ದಿನಕ್ಕೆ ಬ್ಯಾಟರಿ ಸತ್ತಿತು. ಮಿಸ್ತ್ರಿ ಬಂದು ಬಾನೆಟ್ ಎತ್ತಿದರೆ ಇಲಿಗಳು ಆ ಯಂತ್ರದ ಮೇಲೆಯೇ ಗೂಡು ಕಟ್ಟಿದ್ದವು. ಬೆಚ್ಚಗಿತ್ತೋ ಏನೋ.

"ಇನ್ನೊಂದು ಕಂಪನಿದು ಐತಿ ನೋಡ್ರಿ, ದೀಪಾನೂ ಮಿಣಕ್ತತಿ," ಎಂದು ಮಾಸ್ತರರು ಬರೆದರು. ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ರೊಟ್ಟಿ ಬಡಿಯಲು ಕುಳಿತೆ.

ಒಂದು ರವಿವಾರ ಬಂಕಾಪುರದಲ್ಲಿ ಎಲ್ಲರೂ ಗಾಡಿ ಸಮೇತ ಕೂಡೋಣ ಎಂದು ಸಾವ್ಕಾರರು ಹೇಳಿದರು. ನನಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಮಾವನವರು, "ಕೋಟ್ಯಾಗಿನ ಗುಡಿ ನೋಡಿ ಬಾಳ ವರ್ಷ ಆತು, ನಾನೂ ಬರ್ತೀನಿ," ಎಂದರು. ಅವರಿಗೆ ಎಂಬತ್ತರ ಹತ್ತಿರ. ಸಂಸ್ಕೃತ ಓದಿದವರು, ಪಾಠ ಹೇಳಿದವರು. ಈಗಲೂ ಸ್ನಾನ, ಪೂಜೆ, ನೈವೇದ್ಯ ಆಗದೆ ತುತ್ತು ಬಾಯಿಗೆ ಇಡುವುದಿಲ್ಲ. ಅವತ್ತು ಎಲ್ಲ ಬೇಗ ಮುಗಿಸಿ, ನಡುವಿನ ಸೀಟಿನಲ್ಲಿ ಶಲ್ಯ ಹೊದ್ದು ಕುಳಿತರು.

ಹೆದ್ದಾರಿಯ ಬದಿಯ ಚಹಾದಂಗಡಿಯ ಮುಂದೆ ಬೇವಿನ ನೆರಳಿನಲ್ಲಿ ನಾಲ್ಕು ಗಾಡಿಗಳು ನಿಂತವು. ಗಂಡಸರು ಮೂವರೂ ತಮ್ಮ ಗಾಡಿಯನ್ನು ಬಿಟ್ಟು ನನ್ನ ಗಾಡಿಗೆ ಮುತ್ತಿಕೊಂಡರು. ಬಾನೆಟ್ ಮೇಲೆ ಹೋಯಿತು. ಒಬ್ಬರು ಎಣ್ಣೆ ನೋಡಿದರು, ಒಬ್ಬರು ಪೈಪು ಹಿಚುಕಿದರು. ಮಾಸ್ತರರು, "ಹಾರ್ನ್ ಇನ್ನೂ ಹಳೇದ ಐತಲ್ರಿ!" ಎಂದು ನನ್ನ ಮುಖ ನೋಡಿದರು.

ಸಾವ್ಕಾರರು ಮಾತ್ರ ಸುಮ್ಮನೆ ಬಗ್ಗಿ, ಬ್ಯಾಟರಿಯ ಸಂದಿಯಿಂದ ಏನೋ ಹೆಕ್ಕಿ, ಅಂಗೈಯಲ್ಲಿ ಇಟ್ಟುಕೊಂಡು ಬಿಸಿಲಿಗೆ ಹಿಡಿದರು. ಆಮೇಲೆ ಮೂಗಿನ ಹತ್ತಿರ ತಂದರು.

"ಅಕ್ಕಾರ, ಇದು ಅಕ್ಕಿ ಅಲ್ಲ. ಅನ್ನ. ಒಣಗೇತಿ. ಸಣ್ಣಕ್ಕಿ ಅನ್ನ, ಮ್ಯಾಲ ತುಪ್ಪಾನೂ ಹಾಕ್ಯಾರ. ಯಾರೋ ನಿಮ್ಮ ಇಲಿಗೆ ದಿನಾ ತುಪ್ಪದನ್ನ ಉಣಸಾಕತ್ತಾರ ನೋಡ್ರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ನಮ್ಮ ಅಂಗಳದ ಗೋಡೆ ಬಂದು ನಿಂತಿತ್ತು. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಮಾವನವರ ದನಿ ಬಂತು.

"ಇಡೋದು ನಾನ."

ನೈವೇದ್ಯವಾದ ಮೇಲೆ, ಊಟಕ್ಕೆ ಕೂಡುವ ಮೊದಲು, ಅವರು ತುಪ್ಪ ಹಾಕಿದ ಅನ್ನದ ತುತ್ತುಗಳನ್ನು ಕಾಗೆಗಳಿಗೆಂದು ಅಂಗಳದ ಗೋಡೆಯ ಮೇಲೆ ಇಡುತ್ತಾರೆ. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ಆ ಗೋಡೆಗೆ ತಾಗಿಯೇ ನಾನು ಗಾಡಿ ನಿಲ್ಲಿಸುತ್ತೇನೆ. ಕಾಗೆ ಬಿಟ್ಟದ್ದು ಕೆಳಗೆ ಬೀಳುತ್ತದೆ. ಇಲಿಗಳಿಗೆ ಊಟ ಅಲ್ಲಿ, ವಸತಿ ಎಂಜಿನ್ನಿನಲ್ಲಿ. ಎರಡು ತಿಂಗಳಿಂದ ತಂಬಾಕು, ಗುಳಿಗೆ, ಯಂತ್ರ ಎಂದು ಕುಣಿದ ನನಗೆ ಒಂದು ಸಲವಾದರೂ ಹೊಳೆಯಬಾರದೇ? ಮಾವನವರ ಮೇಲಿನ ಸಿಟ್ಟಿಗಿಂತ ನನ್ನ ಮೇಲೆಯೇ ಸಿಟ್ಟು ಹೆಚ್ಚು ಬಂತು.

ಅವತ್ತು ಗುಡಿಗೆ ಹೋಗಿ ಬಂದೆವು. ಕೋಟೆಯ ಕಡೆಯಿಂದ ನವಿಲು ಕೂಗುತ್ತಿದ್ದವು, ನನಗೆ ಅದೂ ಕಿರಿಕಿರಿ ಅನ್ನಿಸಿತು. ಸವಣೂರಿಗೆ ಮರಳುವ ದಾರಿಯಲ್ಲಿ ತಡೆಯಲಾರದೆ ಕೇಳಿದೆ.

"ಮಾವನವರ, ಅನ್ನ ಬ್ಯಾರೆ ಕಡೆ ಇಟ್ಟರ ನಡೀತದೇನ್ರಿ?"

"ಐವತ್ತು ವರ್ಷದಿಂದ ಅಲ್ಲೇ ಇಡ್ಲಿಕ್ಕೆ ಹತ್ತೀನಿ. ಕಾಗಿಗಳಿಗೆ ಆ ಜಾಗಾ ಗೊತ್ತದ. ನಿನ್ನ ಗಾಡಿ ಮೊನ್ನೆ ಬಂದದ್ದು. ಅದನ್ನ ಬ್ಯಾರೆ ಕಡೆ ನಿಲ್ಲಸವಾ."

"ಬ್ಯಾರೆ ಕಡೆ ಎಲ್ಲದರೀ ಜಾಗಾ? ಓಣ್ಯಾಗ ನಿಲ್ಲಿಸಿದರ ಎತ್ತಿನ ಗಾಡಿ ಸಹ ಹಾಯಂಗಿಲ್ಲ."

"ಹಂಗಾರ ಇರ್ಲಿ ಬಿಡು," ಎಂದು ಕಣ್ಣು ಮುಚ್ಚಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ತಡೆಯದಾದದ್ದು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತಿ, "ಇಬ್ಬರದೂ ಖರೆ ಅದ," ಎಂದು ಮತ್ತೆ ಪೇಪರಿಗೆ ಇಳಿದರು.

ಅದೇ ವಾರ ಗ್ರೂಪಿನಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ, ಹಾನಗಲ್ಲಿನ ಹೆಣ್ಣುಮಗಳೊಬ್ಬಳು ಎರಡು ಸಾಲು ಬರೆದಳು: "ಗಾಡಿ ನಿಲ್ಲಿಸಿದ ಮ್ಯಾಲ ಬಾನೆಟ್ ತೆರದ ಇಡ್ರಿ ಅಕ್ಕಾರ. ಇಲಿಗೆ ಕತ್ತಲಿ ಬೇಕು, ಬೆಚ್ಚಗ ಬೇಕು. ಎರಡೂ ಸಿಗದಿದ್ದರ ಬರೂದಿಲ್ಲ." ಇಷ್ಟೇ. ಕೊಳ್ಳುವುದೂ ಇಲ್ಲ, ಕಟ್ಟುವುದೂ ಇಲ್ಲ. ಸಾವ್ಕಾರರು ಕೂಡಲೇ, "ನಾನೂ ಇದನ್ನ ಹೇಳಾಂವ ಇದ್ದೆ," ಎಂದು ಬರೆದರು. ಹೇಳದೆ ಎರಡು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದು ಕೇಳಬೇಕೆನಿಸಿತು.

ಶಾಲೆಯಿಂದ ಬಂದೊಡನೆ ಬಾನೆಟ್ ಎತ್ತಿ ಸರಳು ಕೊಟ್ಟು ನಿಲ್ಲಿಸತೊಡಗಿದೆ. ಇಲಿಗಳು ನಿಜವಾಗಿಯೂ ಹೋದವು. ಮೂರು ವಾರ ಹಳದಿ ದೀಪ ಕಾಣಲಿಲ್ಲ. ಆದರೆ ಓಣಿಯಲ್ಲಿ ಹಾಯುವವರ ಬಾಯಿಗೆ ಬಿದ್ದೆ. ಬಾನೆಟ್ ಎತ್ತಿದ ಗಾಡಿ ಕಂಡರೆ ಯಾರಿಗೂ ಸುಮ್ಮನೆ ಹೋಗಲು ಆಗುವುದಿಲ್ಲ. "ಗಾಡಿ ಕೆಟ್ಟೇತೇನ್ರಿ ಅಕ್ಕಾರ?" ಹಾಲಿನವನು ಕೇಳಿದ. ವೀಳ್ಯದೆಲೆ ಮಾರುವವಳು ಬುಟ್ಟಿ ಇಳಿಸಿ ಕೇಳಿದಳು. ನಿನ್ನೆ ಕೇಳಿದವರೇ ಇವತ್ತು, "ಇನ್ನೂ ರಿಪೇರಿ ಆಗಿಲ್ಲೇನ್ರಿ?" ಎಂದರು. ಒಬ್ಬರಂತೂ ತಮ್ಮ ಪರಿಚಯದ ಮಿಸ್ತ್ರಿಯನ್ನು ಕರೆದುಕೊಂಡೇ ಬಂದರು. ಅವನು ಅರ್ಧ ತಾಸು ಹುಡುಕಿ, ಏನೂ ಕೆಟ್ಟಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡು ಹೋದ.

ನನ್ನ ಗೋಳು ನೋಡಿ ಮಾವನವರು ಆ ಕೆಲಸ ತಾವೇ ವಹಿಸಿಕೊಂಡರು. ಗೇಟಿನಲ್ಲಿ ಗಾಡಿಯ ಸಪ್ಪಳ ಕೇಳಿದ ಕೂಡಲೇ ಹೊರಗೆ ಬಂದು, ಸರಳು ಎಲ್ಲಿ ಸಿಕ್ಕಿಸಬೇಕು ಎಂದು ಕೇಳಿ ಕಲಿತು, ತಾವೇ ಬಾನೆಟ್ ಎತ್ತಿ ನಿಲ್ಲಿಸುವರು. ಕೇಳಿದವರಿಗೆಲ್ಲ ಇಲಿಯ ಸ್ವಭಾವದಿಂದ ಹಿಡಿದು ವಿವರಿಸಿ ಹೇಳುವರು. ಹಾಲಿನವನು ಎರಡನೆಯ ಸಲ ಕೇಳುವ ಧೈರ್ಯ ಮಾಡಲಿಲ್ಲ. ನನಗೆ ತುಸು ಹಾಯೆನಿಸಿತು.

ಆ ಸುಖ ಮುಂಗಾರಿನವರೆಗೆ. ಒಂದು ಸಂಜೆ ಅಡುಗೆ ಮನೆಯಲ್ಲಿದ್ದೆ. ಮಳೆ ಧೋ ಎಂದು ಸುರಿಯಿತು. ಅಂಗಳಕ್ಕೆ ಓಡಿ ಬಂದು ನೋಡುತ್ತೇನೆ: ಬಾನೆಟ್ ತೆರೆದೇ ಇದೆ. ಅದರ ಸರಳಿಗೆ ಮಾವನವರು ತಮ್ಮ ಕರಿ ಛತ್ರಿಯನ್ನು ಬಿಚ್ಚಿ ಹಗ್ಗದಿಂದ ಕಟ್ಟುತ್ತಿದ್ದಾರೆ. ತಾವು ಪೂರ್ತಿ ತೊಯ್ದಿದ್ದಾರೆ.

"ಮಾವನವರ! ಏನ್ ಮಾಡ್ಲಿಕ್ಕೆ ಹತ್ತೀರಿ?"

"ಇಲೀನೂ ಬರಬಾರದು, ನೀರೂ ಬರಬಾರದು."

"ಮಳಿ ಬಂದರ ಮುಚ್ಚಬೇಕ್ರಿ!"

"ತೆರೆದಿಡಬೇಕು ಅಂತ ನೀನ ಹೇಳಿದಿ. ಮುಚ್ಚೋದು ಹೇಳಿರಲಿಲ್ಲ."

ಹೇಳಿರಲಿಲ್ಲ, ಖರೆ. ಅವರನ್ನು ಒಳಗೆ ಕರೆದುಕೊಂಡು ಹೋಗಿ ತಲೆ ಒರೆಸಿಕೊಳ್ಳಲು ಪಂಚೆ ಕೊಟ್ಟೆ. ಬಯ್ಯುವ ಹಾಗೂ ಇಲ್ಲ, ನಗುವ ಹಾಗೂ ಇಲ್ಲ. ಮಾರನೆಯ ದಿನ ಗಾಡಿ ಕೆಮ್ಮಿತೇ ಹೊರತು ಶುರುವಾಗಲಿಲ್ಲ. ನಾನು ಮತ್ತೆ ಎರಡು ಬಸ್ಸು ಹತ್ತಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿದೆ. ಸಂಜೆ ಬಂದ ಮಿಸ್ತ್ರಿ, "ಅಕ್ಕಾರ, ಈ ಸಲ ಇಲಿ ಅಲ್ರಿ, ನೀರು," ಎಂದು ಒಣಗಿಸಲು ಕುಳಿತ.

ಆಗ ಯಜಮಾನರು ಮೊದಲ ಬಾರಿಗೆ ಒಂದು ಕೆಲಸದ ಮಾತು ಆಡಿದರು. "ಮ್ಯಾಲ ತಗಡು ಹೊದಿಸಿಬಿಡೋಣ." ನಾಲ್ಕು ಕಬ್ಬಿಣದ ಕಂಬ ನೆಟ್ಟು, ಗೋಡೆಯಿಂದ ಹಿಡಿದು ಗಾಡಿಯ ಮೇಲೆಲ್ಲ ತಗಡು ಹಾಕಿಸಿದೆವು. ಮಳೆ ಬಂದರೂ ಬಾನೆಟ್ ತೆರೆದಿಡಬಹುದು.

ತಗಡು ಬಂದ ಮಾರನೆಯ ದಿನದಿಂದ ಕಾಗೆಗಳು ಬರಲಿಲ್ಲ. ಗೋಡೆ ತಗಡಿನ ಅಡಿಗೆ ಬಿದ್ದಿತ್ತು. ಅಲ್ಲಿ ಹಾರಿ ಇಳಿಯಲು ಅವಕ್ಕೆ ಅಂಜಿಕೆ. ಮಾವನವರು ಅನ್ನ ಇಟ್ಟು ನಿಂತು ನಿಂತು ನೋಡುವರು. ಕಾಗೆ ಮುಟ್ಟದ ಹೊರತು ಊಟಕ್ಕೆ ಕೂಡುವ ಮನಸ್ಸಿಲ್ಲ. ಐದನೆಯ ದಿನ ರವಿವಾರ, ನಾವೆಲ್ಲ ಮನೆಯಲ್ಲೇ ಇದ್ದೆವು; ಅವರು ತಟ್ಟೆ ಹಿಡಿದುಕೊಂಡು, ಯಾರಿಗೂ ಏನೂ ಹೇಳದೆ, ಹಿತ್ತಲಿಗೆ ನಡೆದು ಬಾವಿಯ ಕಟ್ಟೆಯ ಮೇಲೆ ಅನ್ನ ಇಟ್ಟರು. ಅರ್ಧ ನಿಮಿಷದಲ್ಲಿ ಎರಡು ಕಾಗೆ ಇಳಿದವು.

"ಇಲ್ಲೇ ಚಲೋ ಅದ," ಎಂದರು ನನ್ನ ಕಡೆ ತಿರುಗಿ, ಆ ಜಾಗ ತಾವೇ ಹೊಸದಾಗಿ ಕಂಡುಹಿಡಿದವರ ಹಾಗೆ. "ಮೊದಲ ಯಾರಾರ ಹೇಳಬಾರದಾಗಿತ್ತೇನು?"

ನಾನು ಹಿತ್ತಲ ಬಾಗಿಲಲ್ಲಿ ಕೈಯಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದೆ. ಏನಾದರೂ ಅನ್ನುವ ಮೊದಲೇ ಒಳಗಿನಿಂದ ಯಜಮಾನರ ದನಿ ಬಂತು: "ನೋಡು, ಎಲ್ಲಾ ತಾನ ಸರಿ ಹೋತು. ನೀ ಸುಮ್ಮನ ತಲಿ ಕೆಡಿಸ್ಕೊಂಡಿದ್ದಿ."

ಸೌಟನ್ನು ಪಾತ್ರೆಗೆ ಹಾಕಿ, ಅವರಿಬ್ಬರಿಗೂ ಎಲೆ ಹಾಕಿದೆ.